ತಾಯ್ ಚಿ ಆತ್ಮರಕ್ಷಣೆಯ ಅಭ್ಯಾಸದಲ್ಲಿ ಹಿಡಿತ ಮತ್ತು ಸಂಯಮ: ಸಮಗ್ರ ಮಾರ್ಗದರ್ಶಿ

ಸಂಯಮವೆಂದರೆ ಜೊತೆಗಾರರಿಗೆ ನೋವಾಗದಂತೆ ಮೆಲ್ಲಗೆ ಮಾಡುವುದು ಎಂದು ಚೀನಾದ ಸಮರ ಕಲೆಯಾದ ತಾಯ್ ಚಿ ಕಲಿಯುವ ಹಲವರು ತಿಳಿದುಕೊಂಡಿರುತ್ತಾರೆ. ಹಾಗೆ ತಿಳಿದವರ ಅಭ್ಯಾಸದಲ್ಲಿ ಎರಡು ತೊಂದರೆ ಕಾಣಿಸುತ್ತವೆ. ಮೆಲ್ಲಗೆ ಮಾಡುವಾಗ ತಂತ್ರದಲ್ಲಿ ಸತ್ವ ಇರುವುದಿಲ್ಲ, ಜೋರು ಮಾಡಿದ ದಿನ ಯಾರದಾದರೂ ಮೊಣಕೈ ಉಳುಕುತ್ತದೆ. ಸಂಯಮ ದೇಹಕ್ಕೆ ಕಲಿಸಬೇಕಾದ ಕೌಶಲ. ಚಲನೆ ನಡೆಯುತ್ತಿರುವಾಗ ಎಲ್ಲಿ ಬೇಕಾದರೂ ನಿಲ್ಲಲು, ಬಂದ ದಾರಿಯಲ್ಲೇ ಹಿಂದೆ ಸರಿಯಲು, ಒತ್ತಡವನ್ನು ಬೇಕಾದಷ್ಟೇ ಇಡಲು ಆಗಬೇಕು. ನಡುವೆ ನಿಲ್ಲಿಸಲಾಗದ ತಂತ್ರ ಎಷ್ಟೇ ಜೋರಾಗಿದ್ದರೂ ಅದು ಇನ್ನೂ ನಿಮ್ಮ ಕೈವಶವಾಗಿಲ್ಲ.

ಈ ಕಲೆಯ ಹಳೆಯ ಪಾಠಕ್ರಮದಲ್ಲೇ ಇದಕ್ಕೆ ಜಾಗವಿದೆ. ಚೀನಾದ ಹೆನಾನ್ ಪ್ರಾಂತ್ಯದ ಚೆನ್ ಮನೆತನದ ಹಳ್ಳಿಯಿಂದ ಯಾಂಗ್ ಲುಚಾನ್ 19ನೇ ಶತಮಾನದಲ್ಲಿ ಬೀಜಿಂಗಿಗೆ ಒಯ್ದ ಪರಂಪರೆಯೂ ಸೇರಿದಂತೆ, ಬಹುತೇಕ ಶಾಖೆಗಳು ಜೋಡಿ ಅಭ್ಯಾಸದ ಕೌಶಲಗಳನ್ನು ನಾಲ್ಕಾಗಿ ಹೇಳುತ್ತವೆ: ತಿಂಗ್, ಹುವಾ, ನಾ, ಫಾ. ಅಂದರೆ ಸ್ಪರ್ಶದಿಂದ ಎದುರಿನವರ ಬಲವನ್ನು ಆಲಿಸುವುದು, ಆ ಬಲವನ್ನು ತಪ್ಪಿಸಿ ಬೇರೆಡೆಗೆ ಹೊರಳಿಸುವುದು, ಹಿಡಿಯುವುದು, ಕೊನೆಗೆ ಬಲ ಬಿಡುವುದು. ಆಲಿಸುವುದು ಬಾರದೆ ಹಿಡಿಯಲು ಹೊರಟವರಿಂದಲೇ ಹೆಚ್ಚಿನ ಗಾಯಗಳಾಗುತ್ತವೆ. ಕೆಳಗಿನ ಹಂತಗಳೂ ಅದೇ ಕ್ರಮದಲ್ಲಿವೆ. ನಿಮಗೆ ಯಾವುದಾದರೂ ಒಂದು ಫಾರ್ಮ್ (ಒಬ್ಬರೇ ಮಾಡುವ ಚಲನೆಗಳ ನಿಗದಿತ ಸರಣಿ) ಗೊತ್ತಿದೆ, ತಪ್ಪಿದರೆ ತಿದ್ದುವ ಗುರುಗಳಿದ್ದಾರೆ ಎಂದು ಭಾವಿಸಿ ಇದನ್ನು ಬರೆದಿದೆ.

ಶುರುವಿಗೆ ಮುನ್ನ

ಒಂದು ಜೋಡಿಗೆ ಎಲ್ಲ ಕಡೆ ಕನಿಷ್ಠ 3 ಮೀಟರ್ ಖಾಲಿ ಜಾಗ ಇರಲಿ. ತಳ್ಳುವ ಅಭ್ಯಾಸವಿದ್ದರೆ ಬೆನ್ನ ಹಿಂದೆ ಗೋಡೆ, ಕಂಬ, ಮೇಜಿನ ಅಂಚು ಇರಬಾರದು. ಗಟ್ಟಿ ನೆಲದ ಮೇಲೆ ಹಿಮ್ಮುಖವಾಗಿ ಬಿದ್ದು ತಲೆ ಬಡಿಯುವುದೇ ಈ ಅಭ್ಯಾಸದ ಅತಿ ದೊಡ್ಡ ಅಪಾಯ. ಹಾಗಾಗಿ ಹೆಜ್ಜೆ ಕದಲಿಸುವಷ್ಟು ತಳ್ಳುವಾಗ ಮ್ಯಾಟ್ ಬೇಕೇ ಬೇಕು. ಗದ್ದವನ್ನು ಎದೆಗೆ ಒತ್ತಿಕೊಂಡು, ಬೆನ್ನು ಗುಂಡಾಗಿಸಿ ಹಿಂದಕ್ಕೆ ಕೂತು ಉರುಳುವುದನ್ನು ಇಬ್ಬರೂ ಮೊದಲೇ ಕಲಿತಿರಬೇಕು. ಉಂಗುರ, ಬಳೆ, ವಾಚು ತೆಗೆದಿಡಿ, ಉಗುರು ಕತ್ತರಿಸಿ.

ಆಮೇಲೆ ಒಪ್ಪಂದ. ಹಳೆಯ ಗಾಯಗಳನ್ನು ಇಬ್ಬರೂ ಬಾಯಿಬಿಟ್ಟು ಹೇಳಬೇಕು: ಯಾವ ಭುಜ, ಯಾವ ಮಂಡಿ, ಕತ್ತಿನ ನೋವಿದೆಯೇ. ನಿಲ್ಲಿಸುವ ಸಂಜ್ಞೆ ಎರಡು ಇರಲಿ. ಒಂದು, ಜೊತೆಗಾರರ ಮೈ ಮೇಲೆ, ತನ್ನ ತೊಡೆಯ ಮೇಲೆ ಅಥವಾ ನೆಲದ ಮೇಲೆ ಎರಡು ಬಾರಿ ತಟ್ಟುವುದು. ಇನ್ನೊಂದು, "ಸಾಕು" ಎನ್ನುವುದು. ಎರಡೂ ಕೈ ಸಿಕ್ಕಿಬಿದ್ದಾಗ ತಟ್ಟಲಾಗುವುದಿಲ್ಲ, ಉಸಿರು ಕಟ್ಟಿದಾಗ ಮಾತು ಬರುವುದಿಲ್ಲ. ಅದಕ್ಕೇ ಎರಡೂ ಬೇಕು. ಸಂಜ್ಞೆ ಬಂದ ಮೇಲೆ ಯಾಕೆ, ಏನಾಯಿತು ಎಂದು ಕೇಳುವುದೆಲ್ಲ ಬಿಟ್ಟ ನಂತರ. ಪ್ರತಿ ಅವಧಿಯ ಮೊದಲಲ್ಲಿ, ಏನೂ ನೋವಿಲ್ಲದಿರುವಾಗಲೇ ಇಬ್ಬರೂ ಒಂದೊಂದು ಸಲ ತಟ್ಟಿ, ಬಿಟ್ಟು ನೋಡಿ. ತಟ್ಟಲು ಸಂಕೋಚಪಡುವವರು ಬಹಳ ಜನ, ಅವರ ಸಂಕೋಚ ಹೀಗೆ ಹೋಗುತ್ತದೆ.

ಒಬ್ಬರೇ ಮಾಡುವ ಅಭ್ಯಾಸ: ನಿಲ್ಲುವುದು

ನಿಮ್ಮ ಫಾರ್ಮ್‌ನಿಂದ ಒಂದು ಚಲನೆ ಆರಿಸಿಕೊಳ್ಳಿ. ಮೊಣಕಾಲ ಮುಂದೆ ಕೈ ಸವರಿ ಇನ್ನೊಂದು ಅಂಗೈಯನ್ನು ಮುಂದೆ ತರುವ ಬ್ರಷ್ ನೀ ಇದಕ್ಕೆ ಚೆನ್ನಾಗಿ ಹೊಂದುತ್ತದೆ.

1. ಹಿಂದಿನ ಕಾಲಿನಿಂದ ಮುಂದಿನ ಕಾಲಿಗೆ ತೂಕ ದಾಟಿಸಲು ನಿಧಾನವಾಗಿ 6 ಎಣಿಸಿ.
2. 2ಕ್ಕೆ ಬಂದಾಗ ನಿಂತು, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ. ಮತ್ತೆ ಶುರುಮಾಡಿ 4ಕ್ಕೆ ನಿಲ್ಲಿ, ಹಿಂದಕ್ಕೆ. ನಂತರ 5ಕ್ಕೆ.
3. ಹೀಗೆ ಪ್ರತಿ ಬದಿಗೆ 5 ಸಲ.
4. ಇದು ಸಲೀಸಾದ ಮೇಲೆ ಯಾರಾದರೂ ಚಪ್ಪಾಳೆ ತಟ್ಟಲಿ, ಸದ್ದು ಕೇಳಿದ ಕಡೆ ನಿಲ್ಲಿ. ಕೈ ಮಾತ್ರ ನಿಂತರೆ ಸಾಲದು, ಸೊಂಟವೂ ನಿಲ್ಲಬೇಕು.

ಕೈ ನಿಂತ ಮೇಲೂ ಸೊಂಟ ನಾಲ್ಕು ಬೆರಳಿನಷ್ಟು ಮುಂದಕ್ಕೆ ಜಾರುತ್ತಿದ್ದರೆ ಚಲನೆಯನ್ನು ನಡೆಸುತ್ತಿರುವುದು ನೀವಲ್ಲ, ಮುಂದೆ ಬೀಳುತ್ತಿರುವ ನಿಮ್ಮ ತೂಕ. ಮುಂಡ ಮುಂದಕ್ಕೆ ಬಾಗಿರುವುದು ಅಥವಾ ಮುಂದಿನ ಮಂಡಿ ಕಾಲ್ಬೆರಳ ತುದಿ ದಾಟಿರುವುದು ಇದಕ್ಕೆ ಸಾಮಾನ್ಯ ಕಾರಣ. ಹೆಜ್ಜೆಯ ಉದ್ದವನ್ನು ಒಂದು ಅಂಗಾಲಿನಷ್ಟು ಕಡಿಮೆ ಮಾಡಿ ನೋಡಿ. ಉದ್ದ ಹೆಜ್ಜೆ ನೋಡಲು ಚೆನ್ನ, ಹಿಂದಕ್ಕೆ ಬರಲು ಕಷ್ಟ. ಜೋಡಿ ಅಭ್ಯಾಸದಲ್ಲಿ ಇದೇ ಜಾರುವ ತೂಕ ಜೊತೆಗಾರರ ಕೀಲಿನ ಮೇಲೆ ಬೀಳುತ್ತದೆ. ಹಾಗಾಗಿ ಇದು ಸರಿಯಾಗುವವರೆಗೆ ಲಾಕ್‌ಗಳ (ಕೀಲನ್ನು ಕದಲದಂತೆ ಹಿಡಿಯುವ ತಂತ್ರಗಳ) ತಂಟೆಗೆ ಹೋಗಬೇಡಿ.

ಒತ್ತಡವನ್ನು ಅಳೆದು ಕಲಿಯುವುದು

"ಸ್ವಲ್ಪ ಒತ್ತಿ" ಎಂಬ ಮಾತಿಗೆ ಒಬ್ಬೊಬ್ಬರಲ್ಲಿ ಒಂದೊಂದು ಅರ್ಥ. ಸಂಖ್ಯೆಗಳಲ್ಲಿ ಮಾತಾಡಿದರೆ ಜಗಳವಿಲ್ಲ. ನಾಲ್ಕು ಮಟ್ಟ ಇಟ್ಟುಕೊಳ್ಳಿ: ಮೊದಲನೆಯದು ಅರ್ಧ ಕಿಲೋ, ಅಂದರೆ ಚರ್ಮ ತಾಗಿದೆ ಅಷ್ಟೆ. ಎರಡನೆಯದು 2 ಕಿಲೋ, ಮೂರನೆಯದು 5 ಕಿಲೋ, ನಾಲ್ಕನೆಯದು 10 ಕಿಲೋ. ಪುಶ್ ಹ್ಯಾಂಡ್ಸ್‌ನ (ಇಬ್ಬರು ಕೈ ತಾಗಿಸಿ ಒತ್ತುತ್ತಾ, ಒತ್ತಡ ತಪ್ಪಿಸುತ್ತಾ ಮಾಡುವ ಜೋಡಿ ಅಭ್ಯಾಸದ) ಹೆಚ್ಚಿನ ಭಾಗ ಮೊದಲೆರಡು ಮಟ್ಟಗಳಲ್ಲೇ ನಡೆಯಬೇಕು.

ಇದನ್ನು ಮೈಗೂಡಿಸಲು ಮುಳ್ಳು ತಿರುಗುವ ಹಳೆಯ ಮಾದರಿಯ ತೂಕದ ಯಂತ್ರ ಸಾಕು. ಡಿಜಿಟಲ್ ಯಂತ್ರಗಳಲ್ಲಿ ಹಲವು ಕಡಿಮೆ ತೂಕಕ್ಕೆ ಚಾಲೂ ಆಗುವುದಿಲ್ಲ, ಒಮ್ಮೆ ತೋರಿಸಿದ ಅಂಕಿಯನ್ನೇ ಹಿಡಿದು ನಿಲ್ಲುತ್ತವೆ. ಯಂತ್ರವನ್ನು ಸೊಂಟದ ಎತ್ತರದ ಗಟ್ಟಿ ಮೇಜಿನ ಮೇಲಿಡಿ. ಮೊಣಕೈ ಕೊಂಚ ಮಡಿಸಿ, ಅಂಗೈ ಇಟ್ಟು, ಭುಜದಿಂದ ಒತ್ತದೆ ಮೈತೂಕ ಇಳಿಸಿ 2 ಕಿಲೋ ತನ್ನಿ. ಮುಳ್ಳು ನೋಡದೆ 10 ಸೆಕೆಂಡು ಹಾಗೇ ಇಡಿ, ಆಮೇಲೆ ನೋಡಿ. ಅರ್ಧ ಕಿಲೋಗಿಂತ ಹೆಚ್ಚು ವ್ಯತ್ಯಾಸ ಬರದಂತಾದರೆ 5ಕ್ಕೆ, ಆಮೇಲೆ 10ಕ್ಕೆ ಹೋಗಿ. ಬಹುಪಾಲು ಜನರಿಗೆ ಏರಿಸುವುದು ಬರುತ್ತದೆ. 10ರಿಂದ 2ಕ್ಕೆ ಸರಾಗವಾಗಿ ಇಳಿಸಿ ಅಲ್ಲೇ ನಿಲ್ಲುವುದು ಬರುವುದಿಲ್ಲ, ಸೊನ್ನೆಗೆ ಹೋಗಿಬಿಡುತ್ತಾರೆ. ಆ ಇಳಿಕೆಯನ್ನೇ ಹೆಚ್ಚು ಅಭ್ಯಾಸ ಮಾಡಿ, ಮುಂದೆ ಲಾಕ್ ಸಡಿಲಿಸುವಾಗ ಬೇಕಾಗುವುದು ಅದೇ.

ಒಂಟಿ ಕೈ ಪುಶ್ ಹ್ಯಾಂಡ್ಸ್, ನಡುವೆ ಇಸ್ಪೀಟಿನ ಎಲೆ

ಇಬ್ಬರೂ ಬಲಗಾಲು ಮುಂದಿಟ್ಟು ನಿಂತು, ಬಲ ಮಣಿಕಟ್ಟುಗಳ ಹೊರಬದಿ ತಾಗಿಸಿ ಅಡ್ಡ ವೃತ್ತದಲ್ಲಿ ತಿರುಗಿಸುವುದು ಮೂಲ ಅಭ್ಯಾಸ. ಒಬ್ಬರು ಅಂಗೈಯಿಂದ ಎದೆಯತ್ತ ಒತ್ತುತ್ತಾರೆ, ಇನ್ನೊಬ್ಬರು ತೂಕವನ್ನು ಹಿಂದಿನ ಕಾಲಿಗೆ ಸರಿಸಿ, ಸೊಂಟ ತಿರುಗಿಸಿ ಆ ಒತ್ತಡವನ್ನು ಪಕ್ಕಕ್ಕೆ ಕಳಿಸಿ, ತಾವು ಒತ್ತುತ್ತಾರೆ. ಹಳೆಯ ಸೂತ್ರ ಬು ದಿಯು, ಬು ದಿಂಗ್: ತಾಗಿದ ಕೈಯನ್ನು ಬಿಡಬೇಡ, ಎದುರೊತ್ತಬೇಡ. ಹಿಡಿತ ತಪ್ಪುವ ಎರಡು ಬಗೆಗಳೂ ಇಷ್ಟರಲ್ಲೇ ಬಂದುಬಿಟ್ಟವು.

ತಪ್ಪಿದ್ದು ಕಣ್ಣಿಗೆ ಕಾಣಬೇಕೆಂದರೆ ಎರಡೂ ಮಣಿಕಟ್ಟುಗಳ ನಡುವೆ ಒಂದು ಇಸ್ಪೀಟಿನ ಎಲೆ ಇಟ್ಟು ತಿರುಗಿಸಿ. ಎಲೆ ಬಿದ್ದರೆ ಯಾರೋ ಕೈ ಬಿಟ್ಟಿದ್ದಾರೆ. ಎಲೆ ಮಡಚಿಕೊಂಡರೆ ಯಾರೋ ಎದುರೊತ್ತಿದ್ದಾರೆ. ನಿಮಿಷಕ್ಕೆ 8ರಿಂದ 10 ಸುತ್ತಿನ ವೇಗದಲ್ಲಿ 2 ನಿಮಿಷ ಬಲಗೈ, 2 ನಿಮಿಷ ಎಡಗೈ. ಎಲೆ ಬೀಳುವುದು ಬಹುತೇಕ ವೃತ್ತದ ಒಂದೇ ಜಾಗದಲ್ಲಿ: ಒತ್ತುವುದು ಮುಗಿದು ಹಿಂದೆ ಸರಿಯಲು ಶುರುವಾಗುವ ತಿರುವಿನಲ್ಲಿ. ಅಲ್ಲಿ ಕೈ ಮೊದಲು ಹಿಂದೆ ಬರುತ್ತದೆ, ಸೊಂಟ ತಡವಾಗಿ ಬರುತ್ತದೆ. ಕೈಯನ್ನು ಎದೆಯ ಮುಂದೆ ಇದ್ದ ದೂರದಲ್ಲೇ ಇಟ್ಟು ಸೊಂಟದಿಂದಲೇ ಹಿಂದೆ ಸರಿದರೆ ಎಲೆ ನಿಲ್ಲುತ್ತದೆ.

ಎಲೆ ನಿಲ್ಲತೊಡಗಿದ ಮೇಲೆ ಆಟ ಬದಲಿಸಿ. ಒಬ್ಬರು ಯಾವುದೋ ಗಳಿಗೆಯಲ್ಲಿ, ಹೇಳದೆ ಕೇಳದೆ, ಒತ್ತುವುದನ್ನು ಪೂರ್ತಿ ನಿಲ್ಲಿಸಿ ಕೈ ಸಡಿಲ ಬಿಡಬೇಕು. ಇನ್ನೊಬ್ಬರು ಒಂದು ಉಸಿರಿನೊಳಗೆ ಮೊದಲ ಮಟ್ಟಕ್ಕೆ ಇಳಿಯಬೇಕು. ಈ ಇಡೀ ಮಾರ್ಗದರ್ಶಿಯಲ್ಲಿ ಒಂದೇ ಅಭ್ಯಾಸಕ್ಕೆ ಸಮಯವಿದ್ದರೆ ಇದನ್ನೇ ಆರಿಸಿಕೊಳ್ಳಿ. ಎದುರಿನವರು ವಿರೋಧ ಬಿಟ್ಟದ್ದನ್ನು ಗುರುತಿಸುವುದು ನಿಜವಾದ ಸಂದರ್ಭದಲ್ಲಿ ಅತ್ಯಗತ್ಯ. ಬಲ ಅಪಾಯಕ್ಕೆ ತಕ್ಕಷ್ಟಿರಬೇಕು, ಅಪಾಯ ಮುಗಿದಾಗ ನಿಲ್ಲಬೇಕು ಎಂಬುದು ಬಹುತೇಕ ದೇಶಗಳ ಆತ್ಮರಕ್ಷಣೆಯ ಕಾನೂನಿನ ತಿರುಳು. ಆ ತಿಳಿವಳಿಕೆ ಕೈಗೆ ಬರಬೇಕಾದರೆ ಹೀಗೆಯೇ ಬರಬೇಕು.

ಎರಡು ಕೈಯ ಪೆಂಗ್ (ತಡೆದು ಎತ್ತುವುದು), ಲೂ (ಪಕ್ಕಕ್ಕೆ ಸೆಳೆಯುವುದು), ಜಿ (ಒತ್ತುವುದು), ಆನ್ (ತಳ್ಳುವುದು) ಸುತ್ತಿಗೂ ಇದೇ ನಿಯಮ. ಅಲ್ಲಿ ಗಮನಿಸಬೇಕಾದ ಹೊಸ ಅಪಾಯ ಒಂದೇ. ಲೂ ಮಾಡುವಾಗ, ಅಂದರೆ ಜೊತೆಗಾರರನ್ನು ಪಕ್ಕಕ್ಕೆ ಸೆಳೆದುಕೊಳ್ಳುವಾಗ, ಅವರ ತೂಕವೆಲ್ಲ ಮುಂದಿನ ಕಾಲಿನ ಮೇಲಿರುತ್ತದೆ. ಪಾದ ನೆಲಕ್ಕೆ ಕಚ್ಚಿಕೊಂಡಿರುವಾಗ ಮೈ ತಿರುಗಿದರೆ ತಿರುಚುವುದು ಮಂಡಿ. ಸೆಳೆತದ ದಿಕ್ಕು ಅವರ ಕಾಲ್ಬೆರಳು ತೋರುವ ದಿಕ್ಕಿಗೆ ಹತ್ತಿರವಿರಲಿ. ಅಡ್ಡಡ್ಡ ಸೆಳೆಯಬೇಕಾದರೆ ಅವರು ಹೆಜ್ಜೆ ಎತ್ತಿಡುವಷ್ಟು ಸಮಯ ಕೊಡಿ.

ಲಾಕ್: ಮೊಣಕೈಯ ಉದಾಹರಣೆ

ಕೀಲುಗಳ ವಿಷಯದಲ್ಲಿ ಸಂಯಮ ಕಡ್ಡಾಯವಾಗಲು ಕಾರಣವಿದೆ. ಮಾಂಸಖಂಡ ಎಳೆದಾಗ ನೋವು ಮೆಲ್ಲಗೆ ಏರುತ್ತದೆ, ಎಚ್ಚರಿಸುತ್ತದೆ. ಮೊಣಕೈ, ಮಣಿಕಟ್ಟಿನ ಅಸ್ಥಿರಜ್ಜುಗಳಲ್ಲಿ (ಮೂಳೆಗಳನ್ನು ಬೆಸೆಯುವ ಪಟ್ಟಿಗಳಲ್ಲಿ) "ನೋವು ಶುರುವಾಯಿತು" ಎಂಬುದಕ್ಕೂ "ಹರಿಯಿತು" ಎಂಬುದಕ್ಕೂ ನಡುವೆ ಅಂತರ ಕಡಿಮೆ. ಇನ್ನೊಂದು ವಿಷಯ ಬಹಳ ಜನರಿಗೆ ಹೊಳೆಯುವುದಿಲ್ಲ. ಕೀಲುಗಳು ಹುಟ್ಟಿನಿಂದಲೇ ಸಡಿಲವಾಗಿರುವವರಿಗೆ ನೋವು ತೀರ ತಡವಾಗಿ ಬರುತ್ತದೆ, ಕೆಲವರು ಹಟಕ್ಕೆ ಬಿದ್ದು ತಟ್ಟುವುದಿಲ್ಲ, ಹೊಸಬರಿಗೆ ಯಾವಾಗ ತಟ್ಟಬೇಕೆಂದೇ ಗೊತ್ತಿರುವುದಿಲ್ಲ. ಆದ್ದರಿಂದ ಎದುರಿನವರ ನೋವನ್ನು ಗಡಿಯಾಗಿ ನಂಬಬೇಡಿ. ತೋಳಿನ ಕೋನವನ್ನು ಗಡಿಯಾಗಿ ಇಟ್ಟುಕೊಳ್ಳಿ.

ಜೊತೆಗಾರರು ಬಲಗೈಯಿಂದ ನಿಮ್ಮ ಎದೆಯತ್ತ ತಳ್ಳುತ್ತಾರೆ ಎಂದುಕೊಳ್ಳಿ.

1. ನಿಮ್ಮ ಬಲ ಅಂಗೈಯನ್ನು ಅವರ ಮಣಿಕಟ್ಟಿನ ಮೇಲೆ ಹಗುರವಾಗಿ ಇಡಿ. ಬೆರಳು ಬಿಗಿಯಬೇಡಿ.
2. ಎಡ ಮುಂಗೈಯನ್ನು ಅವರ ಮೊಣಕೈ ಕೀಲಿನ ಮೇಲಿಡದೆ, ಕೀಲಿಗಿಂತ ಮೂರು ಬೆರಳು ಮೇಲೆ, ತೋಳಿನ ಹಿಂಬದಿಯಲ್ಲಿ ಇಡಿ.
3. ತೂಕ ಹಿಂದಿನ ಕಾಲಿಗೆ ಸರಿಯಲಿ, ಸೊಂಟ ಬಲಕ್ಕೆ ತಿರುಗಲಿ. ಅವರ ತೋಳು ನೀಳವಾಗುತ್ತದೆ. ಇಲ್ಲಿಯವರೆಗೆ ಎರಡು ಎಣಿಕೆ.
4. ಮೊಣಕೈಯಲ್ಲಿ ಕೊಂಚ ಬಾಗು, ಸುಮಾರು 10ರಿಂದ 15 ಡಿಗ್ರಿ, ಉಳಿದಿರುವಾಗಲೇ ತೋಳು ನೇರವಾಗುವುದನ್ನು ನಿಲ್ಲಿಸಿ. ಇಲ್ಲಿಂದ ಮುಂದೆ ತೋಳನ್ನು ಒತ್ತುವುದಿಲ್ಲ. ನಿಮ್ಮ ಸೊಂಟ ಇನ್ನೂ ನಿಧಾನವಾಗಿ ತಿರುಗುತ್ತಾ, ಕೊಂಚ ಇಳಿಯುತ್ತಾ ಅವರ ಮುಂಡವನ್ನು ಮುಂದಕ್ಕೆ ಕೆಳಕ್ಕೆ ಕರೆದೊಯ್ಯಲಿ. ಇದಕ್ಕೆ ಕನಿಷ್ಠ ಮೂರು ಎಣಿಕೆ.
5. ಅವರ ಹಿಂದಿನ ಹಿಮ್ಮಡಿ ಎದ್ದೊಡನೆ ನಿಲ್ಲಿ. ಅಲ್ಲಿಗೆ ಲಾಕ್ ಆಯಿತು. ಎರಡು ಸೆಕೆಂಡು ಹಾಗೇ ಇರಿ.

ಬಿಡುವುದಕ್ಕೂ ಕ್ರಮವಿದೆ, ಹಾಕುವಷ್ಟೇ ಶ್ರದ್ಧೆಯಿಂದ ಅದನ್ನು ಕಲಿಯಬೇಕು. ಮೊದಲು ಸೊಂಟವನ್ನು ಎರಡು ಬೆರಳಿನಷ್ಟು ವಾಪಸ್ ತನ್ನಿ. ಆಮೇಲೆ ಎಡ ಮುಂಗೈಯ ಒತ್ತಡವನ್ನು ಮೊದಲ ಮಟ್ಟಕ್ಕೆ ಇಳಿಸಿ. ಜೊತೆಗಾರರ ಪಾದಗಳೆರಡೂ ನೆಲದಲ್ಲಿ ನೆಲೆಯಾಗುವವರೆಗೆ ಅವರ ತೋಳಿಗೆ ಆಸರೆಯಾಗಿರಿ. ಮಣಿಕಟ್ಟನ್ನು ಕೊನೆಗೆ ಬಿಡಿ. ತಟ್ಟಿದ ಕೂಡಲೇ ಗಾಬರಿಯಾಗಿ ಎರಡೂ ಕೈ ಒಟ್ಟಿಗೆ ಬಿಟ್ಟರೆ ವಾಲಿ ನಿಂತವರು ಮುಗ್ಗರಿಸುತ್ತಾರೆ. ಒತ್ತಡ ತಕ್ಷಣ ಹೋಗಬೇಕು, ಆಸರೆ ಮೆಲ್ಲಗೆ ಹೋಗಬೇಕು.

ಗಾಯವಾಗುವ ದಾರಿಗಳು ಹೆಚ್ಚೇನಿಲ್ಲ. ಲಾಕ್ ಹಾಕುವವರೇ ಆಯತಪ್ಪಿ ತಮ್ಮ ಮೈತೂಕವನ್ನು ಎದುರಿನವರ ಮೊಣಕೈ ಮೇಲೆ ಚೆಲ್ಲುವುದು ಎಲ್ಲಕ್ಕಿಂತ ಕೆಟ್ಟದ್ದು. ಇದಾಗುವುದು ಕಾಲುಗಳು ಹತ್ತಿರ ಬಂದು, ಮುಂಡ ಬಾಗಿದಾಗ. ಇನ್ನೊಂದು, ಕೊನೆಯ ಹಂತದಲ್ಲಿ ವೇಗ ಏರುವುದು. ತಂತ್ರ ಕೈಗೂಡಿತು ಎಂದು ಗೊತ್ತಾದಾಗ ದೇಹ ತಾನಾಗಿಯೇ ಅವಸರ ಮಾಡುತ್ತದೆ, ಎಣಿಕೆಯನ್ನು ಬಾಯಿಬಿಟ್ಟು ಹೇಳಿದರೆ ಅವಸರ ಅಡಗುತ್ತದೆ. ಮತ್ತೊಂದು, ಮಣಿಕಟ್ಟನ್ನು ತೋಳಬಲದಿಂದ ಮೇಲೆತ್ತುವುದು. ಆಗ ಮೊಣಕೈ ಎರಡು ಬಲಗಳ ನಡುವೆ ಸಿಕ್ಕಿಕೊಳ್ಳುತ್ತದೆ, ಮುಂಡ ಕದಲುವುದಿಲ್ಲ.

ಬೆರಳುಗಳ ಲಾಕ್, ಕತ್ತು ತಿರುಚುವುದು, ಗಂಟಲು ಒತ್ತುವುದು ಮುಕ್ತ ಅಭ್ಯಾಸದಲ್ಲಿ (ಚಲನೆಗಳನ್ನು ಮೊದಲೇ ಗೊತ್ತುಮಾಡದ ಜೋಡಿ ಅಭ್ಯಾಸದಲ್ಲಿ) ಬೇಡವೇ ಬೇಡ. ತ್ಸಾಯ್ ಎಂಬ ಥಟ್ಟನೆ ಕೆಳಗೆಳೆಯುವ ಸೆಳೆತವನ್ನೂ ಪೂರ್ಣ ವೇಗದಲ್ಲಿ ಮಾಡಬೇಡಿ. ಭುಜಕ್ಕಿಂತ ಮೊದಲು ಪೆಟ್ಟಾಗುವುದು ಕತ್ತಿಗೆ, ಏಕೆಂದರೆ ಮೈ ಮುಂದೆ ಹೋದರೂ ತಲೆ ಒಂದು ಕ್ಷಣ ಹಿಂದೆ ಉಳಿಯುತ್ತದೆ. ಅದೇ ಸೆಳೆತವನ್ನು ಎರಡು ಎಣಿಕೆಗೆ ಹಿಗ್ಗಿಸಿ ಮಾಡಿದರೂ ದಿಕ್ಕು ಕಲಿಯಲು ಧಾರಾಳ ಸಾಕು.

ತಳ್ಳು: ಬೇಕಾದಷ್ಟೇ ಬಲ ಬಿಡುವುದು

ಫಾ ಜಿನ್ (ಬಲ ಬಿಡುವುದು) ಎಂದರೆ ಎದುರಿನವರನ್ನು ದೂರ ಹಾರಿಸುವುದು ಎಂಬ ಆಸೆ ಬೇಗ ಹತ್ತಿಕೊಳ್ಳುತ್ತದೆ. ಅದಕ್ಕಿಂತ ಕಷ್ಟದ್ದೂ ಹೆಚ್ಚು ಉಪಯೋಗದ್ದೂ ಆದ ಅಭ್ಯಾಸ ಹೇಳಿದ ಅಳತೆಗೆ ತಳ್ಳುವುದು. ಅಳತೆ ಮೂರು: ಹಿಮ್ಮಡಿ ಏಳುವಷ್ಟು, ಒಂದು ಹೆಜ್ಜೆ ಹಿಂದಿಡುವಷ್ಟು, ಎರಡು ಹೆಜ್ಜೆ ಇಡುವಷ್ಟು. ತಳ್ಳುವ ಮೊದಲೇ ಯಾವುದೆಂದು ಗಟ್ಟಿಯಾಗಿ ಹೇಳಿ, ಆಮೇಲೆ ಮಾಡಿ. ಒಂದು ಹೆಜ್ಜೆ ಎಂದು ಹೇಳಿ ಮೂರು ಹೆಜ್ಜೆ ತಳ್ಳಿದರೆ ಅದು ತಪ್ಪಿದ ಪ್ರಯತ್ನ, ಎಷ್ಟೇ ಭರ್ಜರಿಯಾಗಿ ಕಂಡರೂ.

ಜೊತೆಗಾರರು ಎರಡೂ ಮುಂಗೈಗಳನ್ನು ಎದೆಯ ಮುಂದೆ ಅಡ್ಡ ಹಿಡಿಯಲಿ. ನಿಮ್ಮ ಅಂಗೈಗಳು ಆ ಮುಂಗೈಗಳ ಮೇಲಿರಲಿ. ಮೊದಲು ತಾಗಬೇಕು, ಎರಡನೇ ಮಟ್ಟದ ಒತ್ತಡದಲ್ಲಿ ಅವರ ತೂಕ ಎಲ್ಲಿದೆ ಎಂದು ಆಲಿಸಬೇಕು, ಆಮೇಲೆ ಹಿಂದಿನ ಅಂಗಾಲಿನಿಂದ ಬಲ ಹೊರಡಬೇಕು. ಕೈ ನಿಮ್ಮ ಮುಂದಿನ ಕಾಲ್ಬೆರಳ ನೇರಕ್ಕೆ ಬಂದಲ್ಲಿಗೆ ತಳ್ಳು ಮುಗಿಯಿತು, ಅದರಾಚೆ ಬೆನ್ನಟ್ಟಿ ಹೋಗಬೇಡಿ. ದೂರದಿಂದ ಬಂದು ಎದೆಗೆ ಅಪ್ಪಳಿಸುವುದನ್ನು ಖಂಡಿತ ಮಾಡಬಾರದು. ಹೃದಯದ ನೇರಕ್ಕೆ ಬೀಳುವ ಥಟ್ಟನೆಯ ಪೆಟ್ಟು ಹೃದಯದ ಲಯ ಕೆಡಿಸಿ ಜೀವಕ್ಕೇ ಎರವಾಗಬಹುದು. ಅಪರೂಪವಾದರೂ ವೈದ್ಯಕೀಯದಲ್ಲಿ ದಾಖಲಾಗಿರುವ ಸಂಗತಿ ಇದು. ಮೊಣಕೈಯಿಂದ ಹೊಡೆಯುವ ಝೌ, ಭುಜದಿಂದ ಗುದ್ದುವ ಕಾವ್ ಎರಡಕ್ಕೂ ಇದೇ ಮಾತು: ಮೊದಲು ಇಡಿ, ಆಮೇಲೆ ಒತ್ತಿ.

ಅಂಗೈ ಹೊಡೆತಗಳನ್ನು ಗುರಿಗೆ ನಾಲ್ಕು ಬೆರಳು ದೂರದಲ್ಲಿ ನಿಲ್ಲಿಸಿ, ಮೊಣಕೈಯಲ್ಲಿ ಇನ್ನೂ ಬಾಗು ಉಳಿದಿರಬೇಕು. ತೋಳು ಪೂರ್ತಿ ಚಾಚಿ ಅಷ್ಟೇ ದೂರದಲ್ಲಿ ನಿಲ್ಲಿಸಿದರೆ ಅಲ್ಲಿಗೆ ನಿಮ್ಮ ಕೈ ಎಟುಕುವುದೇ ಅಷ್ಟು, ಸಂಯಮ ಅನ್ನುವಂಥದ್ದು ಅದರಲ್ಲಿ ಇಲ್ಲ. ಕಣ್ಣು, ಗಂಟಲಿನತ್ತ ಹೋಗುವ ಕೈಯನ್ನು ಭುಜದ ಕಡೆಗೆ ತಿರುಗಿಸಿಕೊಳ್ಳಿ. ಮಂಡಿಗೆ ಒದೆಯುವ ತಂತ್ರವಿದ್ದರೆ ಅಂಗಾಲನ್ನು ತೊಡೆಯ ಮೇಲೆ ಇಟ್ಟು ತೋರಿಸಿದರೆ ಸಾಕು.

ತೀವ್ರತೆ ಏರಿಸುವ ಕ್ರಮ

ಏರಿಸಲು ನಾಲ್ಕು ಸಂಗತಿಗಳಿವೆ: ವೇಗ, ಒತ್ತಡ, ಹೆಜ್ಜೆ ಕದಲಿಸುವ ಸ್ವಾತಂತ್ರ್ಯ, ಮುಂದಿನ ದಾಳಿ ಯಾವುದೆಂದು ಗೊತ್ತಿಲ್ಲದಿರುವುದು. ಒಮ್ಮೆಗೆ ಒಂದನ್ನೇ ಏರಿಸಿ, ಅದನ್ನು ಏರಿಸಿದಾಗ ಇನ್ನೊಂದನ್ನು ಇಳಿಸಿ. ಉದಾಹರಣೆಗೆ ದಾಳಿ ಯಾವುದೆಂದು ಹೇಳದೆ ಮಾಡುವ ದಿನ ವೇಗವನ್ನು ಅರ್ಧ ಮಾಡಿ. ಎರಡೆರಡು ನಿಮಿಷದ ಮೂರು ಸುತ್ತುಗಳು ಸತತವಾಗಿ ಸ್ವಚ್ಛವಾಗಿ ಬಂದ ಮೇಲೆ ಮುಂದಿನ ಏರಿಕೆ. ಯಾರೂ ತಡವಾಗಿ ತಟ್ಟಲಿಲ್ಲ, ಹೇಳಿದ ಮಟ್ಟಕ್ಕಿಂತ ಒತ್ತಡ ಏರಲಿಲ್ಲ, ಯಾರೂ ಬೀಳಲಿಲ್ಲ ಎಂದಾದರೆ ಸ್ವಚ್ಛ.

ಸುತ್ತಿನ ನಡುವೆ ಒಂದು ಇಡೀ ವಾಕ್ಯವನ್ನು ಮಾಮೂಲಿ ದನಿಯಲ್ಲಿ ಹೇಳಿ ನೋಡಿ. ಮಾತು ತುಂಡಾಗುತ್ತಿದ್ದರೆ, ದನಿ ಏರಿದ್ದರೆ, ದವಡೆ ಬಿಗಿದಿದ್ದರೆ ಮಿತಿ ಮೀರಿದೆ. ಉದ್ವೇಗ ಏರಿದಾಗ ಮೊದಲು ಹಾಳಾಗುವುದು ಬೆರಳು, ಮಣಿಕಟ್ಟಿನ ಸೂಕ್ಷ್ಮ ಹಿಡಿತ. ಆ ಹೊತ್ತಿನಲ್ಲಿ ನೀವು 2 ಕಿಲೋ ಎಂದುಕೊಂಡದ್ದು 8 ಆಗಿರಬಹುದು. ಜೊತೆಗಾರರ ಮೇಲೆ ಸಿಟ್ಟು ಬಂದಿದೆ, ಹಿಂದಿನ ಸುತ್ತಿನ ಲೆಕ್ಕ ಚುಕ್ತಾ ಮಾಡಬೇಕು ಅನ್ನಿಸುತ್ತಿದೆ ಎಂದಾದರೆ ಅಂದಿನ ಜೋಡಿ ಅಭ್ಯಾಸ ಅಲ್ಲಿಗೇ ನಿಲ್ಲಲಿ, ಉಳಿದ ಸಮಯಕ್ಕೆ ಫಾರ್ಮ್ ಮಾಡಿ. ಇದರಲ್ಲಿ ನಾಚಿಕೆಯೇನಿಲ್ಲ.

ಇಬ್ಬರ ತೂಕದಲ್ಲಿ 15 ಕಿಲೋಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಒತ್ತಡದ ಮಟ್ಟವನ್ನು ಚಿಕ್ಕ ಮೈಯವರು ಗೊತ್ತುಮಾಡಲಿ. ವಯಸ್ಸಾದವರ ಜೊತೆ, ಮೂಳೆ ಸವೆದವರ ಜೊತೆ ತಳ್ಳು ಹಿಮ್ಮಡಿ ಏಳುವಷ್ಟಕ್ಕೇ ಮುಗಿಯಲಿ.

ಮುಕ್ತ ಸುತ್ತುಗಳನ್ನು ಹಿಡಿತ ಸಿಕ್ಕಲ್ಲಿಗೆ ಮುಗಿಸಬೇಡಿ. ಹಿಡಿತ ಸಿಕ್ಕಿತು, ಎದುರಿನವರು ಸಡಿಲ ಬಿಟ್ಟರು, ನೀವು ಕ್ರಮವಾಗಿ ಬಿಟ್ಟಿರಿ, ಕೈಗಳನ್ನು ಎದೆ ಎತ್ತರದಲ್ಲಿ ತೆರೆದಿಟ್ಟು ಎರಡು ಮೀಟರ್ ಹಿಂದೆ ಸರಿದಿರಿ. ಸುತ್ತು ಮುಗಿಯುವುದು ಇಲ್ಲಿ. ಸರಿಯುವಾಗ ಕಣ್ಣು ಅವರ ಭುಜಗಳ ಮೇಲಿರಲಿ, ಹಿಂದಿನ ಕಾಲು ಮೊದಲು ಹೋಗಲಿ, ಕಾಲುಗಳು ಒಂದನ್ನೊಂದು ಹಾಯಬಾರದು.

ನೋವಾದರೆ

ಕೀಲಿನಲ್ಲಿ ಟಕ್ಕೆಂದು ಸದ್ದು ಬಂದು ನೋವಾದರೆ, ಊತ ಬಂದರೆ, ಕೈ ನೇರ ಮಾಡಲಾಗದಿದ್ದರೆ ಆ ದಿನದ ಅಭ್ಯಾಸ ಮುಗಿಯಿತು. ವೈದ್ಯರಿಗೆ ತೋರಿಸಿ, ತಿಕ್ಕುವುದು ಎಳೆಯುವುದು ಬೇಡ. ತಲೆ ನೆಲಕ್ಕೆ ಬಡಿದು ವಾಂತಿ, ಮಂಪರು, ಗೊಂದಲದ ಮಾತು, ಏರುತ್ತಿರುವ ತಲೆನೋವು ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಎದೆಗೆ ಪೆಟ್ಟಾಗಿ ಕುಸಿದವರು ಕರೆದರೂ ಓಗೊಡದಿದ್ದರೆ, ಉಸಿರಾಟ ಸರಿಯಿಲ್ಲದಿದ್ದರೆ ತುರ್ತು ಸೇವೆಗೆ ಕರೆ ಮಾಡಿ ಕೂಡಲೇ ಸಿಪಿಆರ್ (ಎದೆ ಒತ್ತಿ ಉಸಿರು ಕೊಡುವ ಪ್ರಥಮ ಚಿಕಿತ್ಸೆ) ಶುರುಮಾಡಿ, ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರವಿದ್ದರೆ ತರಿಸಿ. ಗುಂಪಿನಲ್ಲಿ ಒಬ್ಬರಾದರೂ ಸಿಪಿಆರ್ ಕಲಿತವರು ಇರಬೇಕು.

ಮರುದಿನ ಜೊತೆಗಾರರನ್ನು ಕೇಳಿ: ಎಲ್ಲಿ ನೋಯುತ್ತಿದೆ, ತೊಡೆಯೋ ಮೊಣಕೈಯೋ? ತೊಡೆ ನೋಯುವುದು ಸಹಜ, ಅದು ದುಡಿದದ್ದರ ನೋವು. ಮೊಣಕೈ, ಮಣಿಕಟ್ಟು, ಮಂಡಿಯ ಒಳಬದಿ ನೋಯುತ್ತಿದ್ದರೆ ಆ ನೋವು ಪೂರ್ತಿ ಹೋಗುವವರೆಗೆ ಆ ಕೀಲಿನ ಮೇಲೆ ಲಾಕ್ ಬೇಡ. ಹಾಕಿದವರು ತೂಕದ ಯಂತ್ರ ಮತ್ತು ಇಸ್ಪೀಟಿನ ಎಲೆಯ ಅಭ್ಯಾಸಕ್ಕೆ ಒಂದು ವಾರ ಮರಳಿ, ಆಮೇಲೆ ಲಾಕ್ ಅನ್ನು ಮೊದಲ ಎಣಿಕೆಯಿಂದ ಮತ್ತೆ ಶುರುಮಾಡಲಿ.